ಬೆಲ್ಲದ ಪೇಟೆಯ ಚಹಾದಂಗಡಿ: ಸೋಮವಾರದ ಭಜನಿ, ಅಮಾಸಿಯ ಗೀಗೀ

ಚಹಾ ಕುದಿಯುವುದು ಗ್ಯಾಸಿನ ಒಲೆಯ ಮೇಲೆ. ಆದರೂ ಈ ಅಂಗಡಿಯ ಹಿಂದಿನ ಮೂಲೆಯಲ್ಲಿ ಹಾಡಿನ ದಿನ ಸಂಜೆ ಎಂಟರ ಹೊತ್ತಿಗೆ ಇದ್ದಲಿಯ ಸಿಗಡಿಯೊಂದು ಹೊತ್ತಿರುತ್ತದೆ, ಅದರ ಮೇಲೆ ಯಾವ ಪಾತ್ರೆಯೂ ಏರುವುದಿಲ್ಲ. ಅದು ಇರುವುದು ದಪ್ಪು, ಅಂದರೆ ಒಂದೇ ಮುಖಕ್ಕೆ ಚರ್ಮ ಬಿಗಿದ ಕೈವಾದ್ಯ, ಕಾಯಿಸಲಿಕ್ಕೆ. ಹಾಡು ಕೇಳಿಸುತ್ತೇವೆ ಎನ್ನುವ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಗೋಡೆಗೆ ತೂಗುಹಾಕಿದ ಏಕತಾರಿ, ಅದರ ಕೆಳಗೆ ಎರಡು ಸ್ಪೀಕರ್, ಗಿರಾಕಿಗಳ ಮಾತಿನ ನಡುವೆಯೇ ಸಾಗುವ ಪದ. ಇಲ್ಲಿ ಏಕತಾರಿ ಹಾಡುವವರ ಕೈಯಲ್ಲಿರುತ್ತದೆ, ಸ್ಪೀಕರ್ ಇಲ್ಲವೇ ಇಲ್ಲ, ಪದ ಶುರುವಾದರೆ ಚಹಾ ನಿಲ್ಲುತ್ತದೆ. ನಮ್ಮ ಸೀಮೆಯಲ್ಲಿ ಕೂತು ಪದ ಕೇಳಲಿಕ್ಕೆ ಇಷ್ಟು ತಿಳಿದು ಅಣಿಮಾಡಿದ ಇನ್ನೊಂದು ಚಹಾದಂಗಡಿ ಸಿಗುವುದು ಕಷ್ಟ.

ಇರುವುದು ಮಹಾಲಿಂಗಪುರದಲ್ಲಿ, ರಬಕವಿ-ಬನಹಟ್ಟಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ. ಊರು ಬೆಲ್ಲದ ವ್ಯಾಪಾರಕ್ಕೆ ಹೆಸರಾದದ್ದು, ಅಂಗಡಿ ಪೇಟೆಯ ಹಮಾಲರಿಗಾಗಿಯೇ ಹುಟ್ಟಿದ್ದು. ಬಾಗಿಲ ಮೇಲೆ ಬೋರ್ಡಿಲ್ಲ. ‘ಪದಾ ಹೇಳೋ ಚಾದಂಗಡಿ ಎಲ್ಲೈತ್ರಿ’ ಎಂದು ಪೇಟೆಯಲ್ಲಿ ಯಾರನ್ನು ಕೇಳಿದರೂ ಕೈ ತೋರಿಸುತ್ತಾರೆ. ಬೆಳಗಿನ ಐದಕ್ಕೆ ತೆರೆಯುತ್ತದೆ, ಹಾಡಿಲ್ಲದ ದಿನ ರಾತ್ರಿ ಎಂಟಕ್ಕೆ ಮುಚ್ಚುತ್ತದೆ. ಸೋಮವಾರ ಒಂಬತ್ತರಿಂದ ಭಜನಿ. ಅಮಾಸಿಯ ರಾತ್ರಿ ಗೀಗೀ ಮೇಳ, ಅಂದರೆ ಎರಡು ತಂಡ ಪದದಲ್ಲೇ ಸವಾಲು-ಜವಾಬು ಹೂಡುವ ಹಾಡು.

ಮೊದಲು ಜಾಗದ ವಿಚಾರ. ಹಳೆಯ ಮಣ್ಣಿನ ಮಾಳಿಗೆಯ ಕಟ್ಟಡ. ಕಲ್ಲು-ಮಣ್ಣಿನ ಗೋಡೆ ಎರಡಡಿ ದಪ್ಪ, ಮೇಲೆ ಕಟ್ಟಿಗೆಯ ಜಂತಿ, ಅದರ ಮೇಲೆ ಮಣ್ಣಿನ ಹಾಸು. ಉದ್ದ ಇಪ್ಪತ್ತು ಅಡಿಯ ಮೇಲೆ, ಅಗಲ ಹನ್ನೆರಡರಷ್ಟು. ಒತ್ತಿಕೊಂಡು ಕೂತರೆ ನಲವತ್ತು ಜನ. ಹಾಡಿಗೆ ಇಂಥ ಮಾಳಿಗೆ ಸಿಮೆಂಟಿನ ಸ್ಲ್ಯಾಬಿಗಿಂತ ಎಷ್ಟೋ ಮೇಲು. ಸ್ಲ್ಯಾಬು ದನಿಯನ್ನು ಹಾಗೇ ತಿರುಗಿ ಎಸೆಯುತ್ತದೆ, ಒಂದು ನುಡಿಯ ಬಾಲ ಮುಂದಿನ ನುಡಿಯ ತಲೆಗೆ ಸುತ್ತಿಕೊಳ್ಳುತ್ತದೆ. ಮಣ್ಣು, ಒರಟು ಗಿಲಾವು, ಜಂತಿಯ ಸಂದುಗಳು ಸೇರಿ ಆ ಗದ್ದಲವನ್ನು ನುಂಗುತ್ತವೆ. ತೊಂದರೆ ಇರುವುದು ಕೆಳಗೆ. ನೆಲಕ್ಕೆ ಫರಸಿ ಕಲ್ಲು. ತಾಳದ ದನಿ ಫರಸಿಗೆ ಬಡಿದರೆ ಕಿವಿ ಕೊರೆಯುತ್ತದೆ. ಅದಕ್ಕೇ ಮೇಳ ಕೂರುವ ಕಡೆ ಎರಡು ಜಮಖಾನ ಒಂದರ ಮೇಲೊಂದು, ಕೇಳುವವರ ಕಡೆ ಒಂದು. ಬೇಸಿಗೆಯಲ್ಲಿ ಸೆಕೆಯೆಂದು ಮೇಲಿನ ಜಮಖಾನ ತೆಗೆದಿಡುತ್ತಾರೆ, ಆಗ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ತೆಗೆಯಬಾರದು ಎಂದೇ ನನ್ನ ಅಭಿಪ್ರಾಯ, ಬೆವರಿದರೆ ಬೆವರಲಿ.

ಮುಂದಿನ ಪಡಸಾಲೆಯ ಮೇಲೆ ಮಾತ್ರ ತಗಡು. ಮಳೆ ಬಂದ ರಾತ್ರಿ ಹಾಡು ಅರ್ಧ ಸತ್ತಂತೆ. ಒಳಗೆ ಹಿಂದಿನ ಸಾಲಿನಲ್ಲಿ ಕೂತವರಿಗೂ ತಗಡಿನ ಸದ್ದೇ ಮುಂದು. ದಸರೆ ಕಳೆದ ಮೇಲಿಂದ ಯುಗಾದಿಯವರೆಗೆ ಬರುವುದು ಒಳ್ಳೆಯದು. ಗಾಣ ನಡೆಯುವ ಕಾಲವೂ ಅದೇ, ಹೊಸ ಬೆಲ್ಲ ಬಂದಿರುತ್ತದೆ, ಗಾಳಿಯೂ ಒಣಗಿರುತ್ತದೆ.

ಒಣ ಗಾಳಿ ಏಕೆ ಬೇಕು ಎನ್ನುವುದಕ್ಕೆ ಸಿಗಡಿಯ ಬಳಿಗೇ ಹೋಗಬೇಕು. ದಪ್ಪಿಗೆ ಬಿಗಿದದ್ದು ಆಡಿನ ಚರ್ಮ. ತೇವ ಹೀರಿದಷ್ಟೂ ಅದು ಸಡಿಲಾಗುತ್ತದೆ, ಬಡಿದರೆ ಖಣಿಯುವುದಿಲ್ಲ. ಬಿಸಿ ತಾಗಿಸಿದರೆ ತೇವ ಆರಿ ಮತ್ತೆ ಬಿಗಿಯುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಚಹಾದ ಒಲೆ ಕಣ್ಣೆದುರೇ ಉರಿಯುತ್ತಿರುವಾಗ ಬೇರೆ ಸಿಗಡಿ ಯಾಕೆ? ಗ್ಯಾಸು ಉರಿಯುವಾಗ ಬಿಸಿಯ ಜತೆ ನೀರಾವಿಯೂ ಹುಟ್ಟುತ್ತದೆ, ಪಕ್ಕದ ಪಾತ್ರೆಯಿಂದ ಏಳುವ ಹಬೆ ಬೇರೆ. ಒಂದು ಕಡೆಯಿಂದ ಒಣಗಿಸುತ್ತ ಇನ್ನೊಂದು ಕಡೆಯಿಂದ ನೆನೆಸಿದ ಹಾಗೆ. ಮೇಲಾಗಿ ಬರ್ನರಿನ ಉರಿ ಉಂಗುರದ ಆಕಾರದ್ದು. ಚರ್ಮ ಅಷ್ಟೇ ಜಾಗದಲ್ಲಿ ಬಿಗಿದು ಅಂಚು ಹಾಗೇ ಉಳಿಯುತ್ತದೆ. ಕೆಂಡದ್ದು ಒಣ ಬಿಸಿ, ಹರಡಿದ ಬಿಸಿ. ಈ ಅಂಗಡಿಯವರು ಸಿಗಡಿಯನ್ನು ಒಲೆಗೆ ಎದುರಿನ ಗೋಡೆಗೆ, ಮೇಲೆ ಬೆಳಕಿಂಡಿ ಇರುವ ಕಡೆ ಇಟ್ಟಿದ್ದಾರೆ. ಚಹಾದ ಹಬೆ ಅಲ್ಲಿಗೆ ಬರುವುದಿಲ್ಲ, ಇದ್ದಲಿಯ ಕೆಟ್ಟ ಗಾಳಿ ಕೋಣೆಯಲ್ಲಿ ನಿಲ್ಲುವುದಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಲಿ ಉರಿಸುವುದು ಜೀವಕ್ಕೇ ಅಪಾಯ, ಮನೆಯಲ್ಲಿ ಇದನ್ನು ನೋಡಿ ಮಾಡುವವರು ಈ ಬೆಳಕಿಂಡಿಯನ್ನು ಮರೆಯಬಾರದು.

ಕಾಯಿಸುವ ಕ್ರಮವನ್ನೂ ಇಲ್ಲಿ ನೋಡಿ ಕಲಿಯಬಹುದು. ಇದ್ದಲಿ ಹೊತ್ತಿದ ತಕ್ಷಣ ಯಾರೂ ದಪ್ಪು ಹಿಡಿಯುವುದಿಲ್ಲ. ನಾಲಗೆಯಂಥ ಉರಿ ಇಳಿದು, ಹೊಗೆ ನಿಂತು, ಕೆಂಡದ ಮೇಲೆ ತೆಳ್ಳಗೆ ಬೂದಿ ಕವಿಯಬೇಕು. ಆಮೇಲೆ ಚರ್ಮದ ಮುಖ ಕೆಳಗೆ ಮಾಡಿ, ಕೆಂಡದಿಂದ ಒಂದು ಗೇಣು ನಾಲ್ಕು ಬೆರಳು ಮೇಲೆ, ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಲೇ ಇರಬೇಕು. ನಡುವಿಗಿಂತ ಅಂಚಿಗೆ ಹೆಚ್ಚು ಹೊತ್ತು. ನಡು ತಾನಾಗಿಯೇ ಬೇಗ ಬಿಗಿಯುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಬೆರಳಿನಿಂದ ಅಂಚಿನ ನಾಲ್ಕೂ ದಿಕ್ಕಿಗೆ ಬಡಿದು ನೋಡುತ್ತಾರೆ, ನಾಲ್ಕೂ ಕಡೆ ದನಿ ಒಂದೇ ಆಗುವವರೆಗೆ. ಒಣ ಹವೆಯಲ್ಲಿ ಎರಡು ಮೂರು ನಿಮಿಷ ಸಾಕು, ಶ್ರಾವಣದಲ್ಲಿ ಅದರ ಎರಡರಷ್ಟು ಬೇಕು. ಬೇಕಾದ ದನಿಗಿಂತ ಒಂದಿಷ್ಟು ಮೇಲಕ್ಕೆ ಏರಿಸಿ ಇಳಿಸುತ್ತಾರೆ, ಏಕೆಂದರೆ ಆರಿದ ಮೇಲೆ ಅದು ಇಳಿದೇ ಇಳಿಯುತ್ತದೆ. ಆತುರದವರು ಕೆಂಡಕ್ಕೆ ಹತ್ತಿರ ಒಯ್ದರೆ ಚರ್ಮ ಕಟ್ಟಿಗೆ ಸೇರಿದ ಕಡೆಯಲ್ಲೇ ಸೀಳುತ್ತದೆ. ಹಾಗೆ ಸೀಳಿದ್ದಕ್ಕೆ ತೇಪೆ ನಿಲ್ಲುವುದಿಲ್ಲ, ಹೊಸ ಚರ್ಮವೇ ಗತಿ.

ಒಂದು ದಪ್ಪು ಕೈಯಲ್ಲಿ, ಇನ್ನೊಂದು ಸಿಗಡಿಯ ಬಳಿ. ಎರಡು ಪದಕ್ಕೊಮ್ಮೆ ಬದಲು. ಇದಕ್ಕಾಗಿಯೇ ಒಬ್ಬ ಹುಡುಗ ಸಿಗಡಿಯ ಮುಂದೆ ಕೂತಿರುತ್ತಾನೆ. ಫೈಬರ್ ಮುಖದ ದಪ್ಪು ತಂದವರಿಗೆ ಬೇಡವೆನ್ನುವುದಿಲ್ಲ. ಅದಕ್ಕೆ ತೇವದ ಕಾಟವಿಲ್ಲ ನಿಜ. ಆದರೆ ಅದರ ದನಿ ತೆಳುವಾಗಿ ಮೇಲಕ್ಕೆ ಸಿಡಿಯುತ್ತದೆ, ಇಷ್ಟು ಚಿಕ್ಕ ಜಾಗದಲ್ಲಿ ಹಾಡುವವರ ನುಡಿಯನ್ನೇ ಮುಚ್ಚುತ್ತದೆ. ಜಾತ್ರೆಯ ಬಯಲಿಗೆ ಅದು ಸರಿ.

ಒಂದೇ ತಂತಿಯ ಶ್ರುತಿವಾದ್ಯವಾದ ತುಂತುಣಿಯನ್ನು ಮಾತ್ರ ಸಿಗಡಿಯ ಬಳಿ ಸುಳಿಯಗೊಡುವುದಿಲ್ಲ. ತಿಳಿದವರ ಅಂಗಡಿ ಎನ್ನಲು ಇದೇ ಗುರುತು. ತುಂತುಣಿಯ ಕೊಳವೆಯ ತಳಕ್ಕೆ ಚರ್ಮ. ಚರ್ಮದ ನಡುವಿನಿಂದ ಹೊರಟ ತಂತಿ ಕೊಳವೆಯೊಳಗಿಂದ ಹಾದು ಮೇಲೆ ಕೋಲಿನ ಬಿರಡೆಗೆ ಸುತ್ತಿರುತ್ತದೆ. ಚರ್ಮ ಬಿಸಿಗೆ ಬಿಗಿದರೆ ತಂತಿಯೂ ಬಿಗಿಯುತ್ತದೆ, ತಂತಿ ಹರಿಯಬಹುದು, ಇಲ್ಲವೇ ಗುಂಡಿ ಚರ್ಮವನ್ನು ಹರಿದುಕೊಂಡು ಒಳನುಗ್ಗಬಹುದು. ತಳದ ಹೊರಬದಿಗೆ ತಂತಿಯ ತುದಿಯನ್ನು ತಡೆಹಿಡಿದಿರುವ ಆ ಗುಂಡಿಯನ್ನು ಹಾಡು ಶುರುವಾಗುವ ಮುಂಚೆ ಬೆರಳಿಟ್ಟು ನೋಡಬೇಕು. ಸಣ್ಣ ಗುಂಡಿ ಇದ್ದರೆ ಅದಕ್ಕೂ ಚರ್ಮಕ್ಕೂ ನಡುವೆ ರೂಪಾಯಿಯಗಲ ಗಟ್ಟಿ ತೊಗಲಿನ ಬಿಲ್ಲೆ ಇಟ್ಟರೆ ಎಳೆತ ಹಂಚಿಹೋಗುತ್ತದೆ. ಹಾಡು ಮುಗಿದ ಮೇಲೆ ಬಿರಡೆ ಒಂದು ಸುತ್ತು ಸಡಿಲಿಸಿ ಇಡಬೇಕು. ಹಾಗೆ ಮಾಡದ ತುಂತುಣಿಯ ತಳ ಬಟ್ಟಲಿನಂತೆ ಒಳಕ್ಕೆ ಜಗ್ಗಿರುತ್ತದೆ, ಬಾಯಿಯಿಂದ ದನಿಯೇ ಹೊರಡುವುದಿಲ್ಲ. ಶ್ರುತಿ ಮಾಡುವ ಸರದಿಯೂ ಗೊತ್ತಿರಲಿ: ಮೊದಲು ಹಾಡುವವರು ತಮ್ಮ ಕೊರಳಿನ ಎತ್ತರ ಹೇಳಿದ ಮೇಲೆ ತುಂತುಣಿ, ಕೊನೆಗೆ ದಪ್ಪು. ತಿರುಗುಮುರುಗಾದರೆ ಅರ್ಧ ಗಂಟೆ ವ್ಯರ್ಥ.

ತಾಳ ಕಂಚಿನದು, ಅಂಗಡಿಯದೇ. ಹಿತ್ತಾಳಿಯ ಅಗ್ಗದ ತಾಳಕ್ಕೂ ಇದಕ್ಕೂ ಇರುವ ಅಂತರ ಒಂದು ಪದ ಕೇಳಿದರೆ ಸಾಕು ತಿಳಿಯುತ್ತದೆ.

ಹಾರ್ಮೋನಿಯಮ್ಮಿನ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾಗದು. ಇಟ್ಟ ಜಾಗವೇನೋ ಸರಿ, ಒಲೆಯಿಂದ ದೂರ, ನೆಲಕ್ಕಿಂತ ಎತ್ತರದ ಹಲಗೆಯ ಮೇಲೆ. ಹಬೆ ಮತ್ತು ಹೊಗೆ ಒಳಗಿನ ಹಿತ್ತಾಳಿಯ ಪಟ್ಟಿಗಳಿಗೆ ಕೂತರೆ ಸ್ವರ ಜಾರುತ್ತದೆ ಎನ್ನುವುದು ಅವರಿಗೆ ಗೊತ್ತು. ಆದರೆ ಕರಿ ಮೂರರ ಮನೆ, ಅಂದರೆ ಮೂರನೆಯ ಕಪ್ಪು ಕೀ, ಒತ್ತದೆಯೇ ಸಣ್ಣಗೆ ಕೂಗುತ್ತಿರುತ್ತದೆ. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಮನೆಯ ಕೆಳಗಿನ ಮುಚ್ಚಳಕ್ಕೆ ಅಂಟಿಸಿದ ತೊಗಲು ಸವೆದು ಗಾಳಿ ಸೋರುತ್ತಿರಬೇಕು, ಇಲ್ಲವೇ ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗು ಸೋತಿರಬೇಕು. ಮೇಲಿನ ಹಲಗೆ ಬಿಚ್ಚಿದರೆ ಅರ್ಧ ಗಂಟೆಯ ಕೆಲಸ. ಕರಿ ಒಂದನ್ನು ಷಡ್ಜ ಮಾಡಿಕೊಂಡು ಹಾಡುವವರ ಹಿಂದೆ ಆ ಕೂಗು ನಿಚ್ಚಳವಾಗಿ ಕೇಳುತ್ತದೆ. ದಪ್ಪಿಗೆ ಇಷ್ಟು ಉಪಚಾರ ಮಾಡುವವರು ಪೇಟಿಯನ್ನು ಹೀಗೆ ಬಿಟ್ಟದ್ದು ಏಕೋ ತಿಳಿಯದು. ಗೀಗೀ ರಾತ್ರಿ ಪೇಟಿ ಮುಚ್ಚಿಯೇ ಇರುತ್ತದೆ, ಆ ಲೆಕ್ಕದಲ್ಲಿ ಅಮಾಸಿಗೆ ಬಂದವರು ಬಚಾವು.

ಇನ್ನು ಚಹಾ. ಈ ಊರಲ್ಲಿ ಬೆಲ್ಲದ ಚಹಾ ಕೆಡಿಸಿದರೆ ಕ್ಷಮೆಯಿಲ್ಲ, ಇವರು ಕೆಡಿಸುವುದಿಲ್ಲ. ಒಂದು ಲೀಟರಿಗೆ ನೀರು 600 ಮಿಲಿ, ಹಾಲು 400 ಮಿಲಿ, ಜಜ್ಜಿದ ಹಸಿ ಶುಂಠಿ 10 ಗ್ರಾಂ, ಪುಡಿ 20 ಗ್ರಾಂ, ಬೆಲ್ಲ 80ರಿಂದ 90 ಗ್ರಾಂ. ಸಣ್ಣ ಗಲಾಸಿನಲ್ಲಿ ಹತ್ತು ಹನ್ನೊಂದು ಚಹಾ ಆಗುತ್ತದೆ. ಬೆಲ್ಲವನ್ನು ಮೊದಲೇ ಸ್ವಲ್ಪ ನೀರಿನಲ್ಲಿ ಕರಗಿಸಿ, ಒಂದು ಕುದಿ ತಂದು, ಬಟ್ಟೆಯಲ್ಲಿ ಸೋಸಿ ಇಟ್ಟುಕೊಂಡಿರುತ್ತಾರೆ. ಪೆಂಟಿ (ಅಚ್ಚು) ಬೆಲ್ಲದಲ್ಲಿ ಮರಳು, ಕಬ್ಬಿನ ನಾರು ಇದ್ದೇ ಇರುತ್ತದೆ. ನೀರಿಗೆ ಶುಂಠಿ ಹಾಕಿ ಮೂರು ನಾಲ್ಕು ನಿಮಿಷ ಚೆನ್ನಾಗಿ ಕುದಿಸಿ, ಪುಡಿ ಹಾಕಿ ಇನ್ನೆರಡು ನಿಮಿಷ. ಬೇರೆ ಕಾಯಿಸಿದ ಹಾಲು ಸೇರಿಸಿ ಒಂದು ಉಕ್ಕು ಬಂದ ಮೇಲೆ ಒಲೆ ಆರಿಸುತ್ತಾರೆ. ಕುದಿ ನಿಂತು ಅರ್ಧ ನಿಮಿಷ ಕಳೆದ ಮೇಲೆ ಬೆಲ್ಲದ ಪಾಕ. ಮತ್ತೆ ಒಲೆಗೆ ಇಡುವುದಿಲ್ಲ.

ಈ ಸರದಿ ತಪ್ಪಿದರೆ ಹಾಲು ಒಡೆಯುತ್ತದೆ. ಬೆಲ್ಲದಲ್ಲಿ ಸಣ್ಣ ಹುಳಿ ಇರುತ್ತದೆ, ಹಳೆಯದಾದಷ್ಟೂ ಹೆಚ್ಚು. ಕುದಿಯುವ ಹಾಲಿಗೆ ಆ ಹುಳಿ ಬಿದ್ದರೆ ಸಾಕು. ಹಸಿ ಶುಂಠಿಯಲ್ಲೂ ಹಾಲು ಒಡೆಸುವ ಗುಣವಿದೆ, ನೀರಿನಲ್ಲಿ ಚೆನ್ನಾಗಿ ಕುದಿಸಿದಾಗ ಅದು ಸಾಯುತ್ತದೆ. ಮನೆಯಲ್ಲಿ ಬೆಲ್ಲದ ಚಹಾ ಒಡೆದು ಬೆಲ್ಲವನ್ನು ಬೈದವರು ಅನೇಕ ಸಲ ಬೈಯಬೇಕಿದ್ದದ್ದು ಶುಂಠಿಯನ್ನು. ಬಣ್ಣವೂ ನೋಡುವಂಥದ್ದು. ಹಳದಿ ಹೊಳೆಯುವ ಬೆಲ್ಲ ನೋಡಲು ಚೆಂದ, ಗಾಣದಲ್ಲಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬೆಳ್ಳಗೆ ಮಾಡಿದ್ದಾದರೆ ಚಹಾದಲ್ಲಿ ಗಂಧಕದ ಸಣ್ಣ ವಾಸನೆ ಏಳುತ್ತದೆ. ಇಲ್ಲಿ ಬಳಸುವುದು ಕಂದು ಬೆಲ್ಲ, ಚಹಾದ ಬಣ್ಣ ಮಬ್ಬು, ರುಚಿ ಚೊಕ್ಕ. ಮಳೆಗಾಲದಲ್ಲಿ ಪೆಂಟಿ ಬೆವರಿ ನೀರೊಡೆದಾಗ ಹುಳಿ ಹೆಚ್ಚುತ್ತದೆ. ಆಗ ಸುಮ್ಮನೆ ಒಡೆದ ಚಹಾ ಸೋಸಿ ಕೊಡುವ ಬದಲು ‘ಇವತ್ತ ಸಕ್ಕರಿದ ಐತ್ರಿ’ ಎಂದು ಮೊದಲೇ ಹೇಳಿಬಿಡುತ್ತಾರೆ. ಹೀಗೆ ಹೇಳುವ ಅಂಗಡಿಯ ಚಹಾವನ್ನು ನಂಬಬಹುದು.

ಹಾಡಿನ ರಾತ್ರಿ ಗಲಾಸಿನ ಬದಲು ಕಾಗದದ ಕಪ್ಪು. ಗಾಜು ಫರಸಿಗೆ ತಾಗುವ ಸದ್ದು ತಪ್ಪಿಸಲು ಮಾಡಿದ ಏರ್ಪಾಡು, ಒಪ್ಪತಕ್ಕದ್ದೇ. ಆದರೆ ಕಾಗದದಲ್ಲಿ ಬೆಲ್ಲದ ಚಹಾಕ್ಕೆ ಮೇಣದ ರುಚಿ ಬರುತ್ತದೆ. ಜಮಖಾನದ ಮೇಲೇ ಇಡುತ್ತೇನೆಂದು ಹೇಳಿ ಗಾಜಿನದು ಕೇಳಿ, ಕೊಡುತ್ತಾರೆ. ಕಾಫಿ ಕೇಳಿದರೂ ಕೊಡುತ್ತಾರೆ. ಕೇಳಬೇಡಿ.

ತಿನ್ನಲು ಗಿರ್ಮಿಟ್ಟು. ಗೊಜ್ಜು ಸಂಜೆಯೇ ಮಾಡಿರುತ್ತಾರೆ: ಎಣ್ಣೆ, ಸಾಸಿವೆ, ಜೀರಿಗೆ, ಹಸಿಮೆಣಸಿನಕಾಯಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಅರಿಸಿನ, ಹುಣಸಿಹಣ್ಣಿನ ರಸ, ಒಂದು ಚೂರು ಬೆಲ್ಲ, ಎಣ್ಣೆ ಮೇಲೆ ತೇಲುವವರೆಗೆ. ಎರಡು ಬೊಗಸೆ ಚುರಮುರಿಗೆ ಮೂರು ಚಮಚ ಗೊಜ್ಜು, ಎರಡು ಚಮಚ ಪುಟಾಣಿ ಹಿಟ್ಟು, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಪುಟಾಣಿ ಹಿಟ್ಟು ರುಚಿಗೆ ಮಾತ್ರವಲ್ಲ, ಗೊಜ್ಜಿನ ನೀರನ್ನು ಅದು ಹೀರಿಕೊಳ್ಳುವುದರಿಂದ ಚುರಮುರಿ ಸ್ವಲ್ಪ ಹೊತ್ತು ಗರಿಯಾಗಿ ಉಳಿಯುತ್ತದೆ. ಹಿಟ್ಟು ಉಳಿಸಲು ಹೋದ ಅಂಗಡಿಗಳ ಗಿರ್ಮಿಟ್ಟು ಮೆತ್ತಗೆ ಮುದ್ದೆಯಾಗುವುದು ಇದಕ್ಕೇ. ಇಲ್ಲಿ ಹಿಟ್ಟಿನ ಕೈ ಧಾರಾಳ, ಹುಳಿ ಮಾತ್ರ ಒಂದು ಹನಿ ಜಾಸ್ತಿ. ಮಿರ್ಚಿ ಚೆನ್ನಾಗಿರುತ್ತದೆ, ಆದರೆ ಎಂಟೂವರೆಯೊಳಗೆ ತಿಂದು ಮುಗಿಸಬೇಕು. ಆಮೇಲೆ ಎಣ್ಣೆಯ ಬಾಣಲಿ ಇಳಿಸಿಬಿಡುತ್ತಾರೆ. ಕರಿಯುವ ಸದ್ದಿಗಿಂತ ಮೆಣಸಿನಕಾಯಿಯ ಘಾಟು ದೊಡ್ಡ ತೊಂದರೆ, ಮುಂದಿನ ಸಾಲಿನವರು ಕೆಮ್ಮಿದರೆ ಸಾಕು ಹಾಡುವವರ ಕೊರಳೂ ಹಿಡಿಯುತ್ತದೆ. ಪದ ನಡೆಯುವಾಗ ಒಲೆಯನ್ನು ಆರಿಸಿಯೇ ಇಡುತ್ತಾರೆ. ಒಂದು ಪದ ಮುಗಿದು ಇನ್ನೊಂದಕ್ಕೆ ಶ್ರುತಿ ಕೂಡಿಸುವ ಹೊತ್ತಿನಲ್ಲಿ ಮಾತ್ರ ಚಹಾ ತಿರುಗುತ್ತದೆ. ವ್ಯಾಪಾರಕ್ಕೆ ಇದು ನಷ್ಟವೇ ಸರಿ, ಹಾಡಿಗೆ ಮಾತ್ರ ಇದರಷ್ಟು ಲಾಭ ಬೇರೆಯಿಲ್ಲ.

ಮೈಕಿಲ್ಲದ್ದರಿಂದ ಇನ್ನೊಂದು ಅನುಕೂಲ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಮೈಕು ಹಚ್ಚಿದ ಮೇಳಗಳು ರಂಗೇರುವ ಹೊತ್ತಿಗೇ ಮುಚ್ಚಬೇಕಾಗುತ್ತದೆ. ಈ ಅಂಗಡಿಯ ಭಜನಿ ಹನ್ನೊಂದೂವರೆಯವರೆಗೆ ನಡೆದರೂ ಪಕ್ಕದ ಮನೆಯವರಿಗೆ ಕೇಳುವುದು ತಾಳದ ಸದ್ದಷ್ಟೇ.

ಸೋಮವಾರದ ಭಜನಿಯ ಕ್ರಮ ಹಳೆಯದೇ. ಗಣಪತಿಯ ಪದ, ಗುರುವಿನ ಪದ, ಆಮೇಲೆ ತತ್ವಪದಗಳು, ಕೊನೆಗೆ ಮಂಗಳಾರತಿ. ಹೆಚ್ಚು ಕೇಳುವುದು ಶಿಶುನಾಳ ಶರೀಫರದು, ಕಡಕೋಳ ಮಡಿವಾಳಪ್ಪನವರದು. 1889ರಲ್ಲಿ ತೀರಿಕೊಂಡ ಶರೀಫರ ಪದಗಳನ್ನು ನಾಡಿನ ಬಹಳಷ್ಟು ಜನ ಕ್ಯಾಸೆಟ್ಟಿನ ಧಾಟಿಯಲ್ಲೇ ಬಲ್ಲರು. ಇಲ್ಲಿ ಅವು ಭಜನಿಯ ಧಾಟಿಯಲ್ಲಿ ಬರುತ್ತವೆ: ಒಬ್ಬರು ಒಂದು ಸಾಲು ಎತ್ತಿಕೊಟ್ಟರೆ ಉಳಿದವರು ಅದನ್ನು ಎರಡು ಸಲ ಹಿಡಿದು ತಿರುಗಿಸುತ್ತಾರೆ, ನುಡಿಯಿಂದ ನುಡಿಗೆ ಲಯ ಏರುತ್ತದೆ, ಕೊನೆಯ ನುಡಿಯಲ್ಲಿ ದುಪ್ಪಟ್ಟಾಗುತ್ತದೆ. ಈ ಮೇಳದ ದೋಷ ಇರುವುದೂ ಅಲ್ಲೇ. ಢೋಲಕಿಯವರು ಎರಡನೆಯ ನುಡಿಗೇ ಓಟ ಕೀಳುತ್ತಾರೆ. ತತ್ವಪದದಲ್ಲಿ ಒಗಟಿನಂಥ ಮಾತು ಹೆಚ್ಚು, ಕೇಳುವವರು ಒಂದು ಸಾಲನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಇವರು ಮುಂದಿನ ನುಡಿಗೆ ಹೋಗಿರುತ್ತಾರೆ. ಏಕತಾರಿ ಹಿಡಿದ ಹಿರಿಯರು ಎತ್ತಿಕೊಡುವ ದಿನ ಮಾತ್ರ ಲಯ ಹದದಲ್ಲಿರುತ್ತದೆ. ಹತ್ತು ಗಂಟೆಯ ಮೇಲೆ ಒಮ್ಮೊಮ್ಮೆ ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟದ ಪದಗಳೂ ಬರುತ್ತವೆ. ಆ ಆಟವನ್ನು ಕಟ್ಟಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು, ಆಡಿ ಹೆಸರಾದ ಕೌಜಲಗಿ ನಿಂಗಮ್ಮನ ಊರು ಎರಡೂ ಈ ಸೀಮೆಯವೇ, ಪದ ಬಲ್ಲವರಿಗೆ ಕೊರತೆಯಿಲ್ಲ. ಆದರೆ ಪಾರಿಜಾತದಲ್ಲಿ ಪದಕ್ಕೆ ಪದವೇ ಉತ್ತರ ಕೊಡಬೇಕು, ಒಬ್ಬರೇ ಇಬ್ಬರ ಮಾತನ್ನೂ ಹಾಡಿದಾಗ ಅದು ಸೊರಗುತ್ತದೆ.

ಅಮಾಸಿಯ ಗೀಗೀ ನೋಡಲೇಬೇಕಾದ್ದು. ಮುಂದೆ ದಪ್ಪು ಹಿಡಿದ ಮುಖ್ಯ ಹಾಡುಗಾರರು, ಹಿಂದೆ ತುಂತುಣಿ ಮತ್ತು ತಾಳದ ಇಬ್ಬರು. ಹರದೇಶಿ ಮೇಳ ಗಂಡು ಹೆಚ್ಚೆಂದು ವಾದ ಹೂಡುತ್ತದೆ, ಹೆಣ್ಣುಮಕ್ಕಳೇ ಮುಂದಾಗಿ ಹಾಡುವ ನಾಗೇಶಿ ಮೇಳ ಹೆಣ್ಣು ಹೆಚ್ಚೆಂದು ಉತ್ತರ ಕೊಡುತ್ತದೆ. ಜಾತ್ರೆಗಳಲ್ಲಿ ಇದು ಬೆಳತನಕ ನಡೆಯುವ ಸವಾಲ್-ಜವಾಬು. ಇಲ್ಲಿ ಎರಡೂವರೆ ಮೂರು ಗಂಟೆ. ಮೊಟಕಾದರೂ ಲಾಭವಿದೆ. ಬಯಲಿನಲ್ಲಿ ಸವಾಲಿನ ಮಾತು ಹಿಂದಿನವರಿಗೆ ಮುಟ್ಟುವುದೇ ಇಲ್ಲ, ಈ ಮಾಳಿಗೆಯ ಕೆಳಗೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ. ಹೊಸಬರು ಪಲ್ಲವಿಯನ್ನು ಕಿವಿಯಲ್ಲಿಟ್ಟುಕೊಂಡು ಚಾಲಿಗೆ ಕಾಯಬೇಕು. ನಿಧಾನಕ್ಕೆ ಸಾಗುವ ನುಡಿ ಚಾಲಿನಲ್ಲಿ ಓಡತೊಡಗಿ, ಏರಿನಲ್ಲಿ ಕೊರಳು ಮೇಲಕ್ಕೆ ಹೋಗಿ, ಇಳಿದು ಮತ್ತೆ ಪಲ್ಲವಿಗೆ ಕೂಡುತ್ತದೆ. ಸವಾಲಿನ ಕೊಂಡಿ ಸಾಮಾನ್ಯವಾಗಿ ಆ ಓಟದಲ್ಲೇ ಅಡಗಿರುತ್ತದೆ. ಹಿಮ್ಮೇಳದವರು ಕೊನೆಯ ಅಕ್ಷರ ಎಳೆದು ‘ಗೀಯ ಗೀಯ’ ಎಂದು ತುಂಬುವಾಗ ಅದನ್ನು ಕಳೆದುಕೊಳ್ಳುವುದು ಸುಲಭ. ಆದ್ದರಿಂದ ಕೂರುವ ಜಾಗ ಮುಖ್ಯ. ಮೊದಲ ಸಾಲು ಬೇಡ, ತಾಳ ನೇರ ಕಿವಿಗೆ ಬರುತ್ತದೆ. ಹಾಡುವವರಿಂದ ಏಳೆಂಟು ಅಡಿ, ತುಂತುಣಿಯವರ ಬದಿಗೆ, ಮುಖ್ಯ ಹಾಡುಗಾರರ ಬಾಯಿ ಕಾಣುವಂತೆ ಕೂತರೆ ಮಾತು ತಪ್ಪುವುದಿಲ್ಲ. ಎಂಟೂಕಾಲಿಗೆ ಬಂದರೆ ಆ ಜಾಗ ಸಿಗುತ್ತದೆ.

ದೇವಿಯ ಹೆಸರಲ್ಲಿ ಹಾಡುವ ಗೊಂದಲಿಗರ ಪದ ಇಲ್ಲಿ ಇಲ್ಲ. 2025ರಲ್ಲಿ ಬಾಗಲಕೋಟೆಯ ಗೊಂದಲಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ ಪದ್ಮಶ್ರೀ ಬಂದ ಈ ಜಿಲ್ಲೆಯಲ್ಲೇ ಏಕಿಲ್ಲ ಎಂದು ಕೇಳುವವರಿದ್ದಾರೆ. ಗೊಂದಲಿಗರ ಸಂಬಾಳ ಎಂದರೆ ಜೋಡಿ ಚರ್ಮವಾದ್ಯ, ಕೋಲಿನಿಂದ ಬಾರಿಸುವಂಥದ್ದು. ಹನ್ನೆರಡು ಅಡಿ ಅಗಲದ ಕೋಣೆಯಲ್ಲಿ ಅದು ಬಿದ್ದರೆ ಹಾಡು ಕೇಳುವುದಿಲ್ಲ. ಅಂಗಳ ಬೇಕು. ಬೇಡವೆಂದದ್ದು ಸರಿಯೇ.

ತ್ರಿಪದಿ ಇಲ್ಲದಿರುವುದಕ್ಕೆ ಮಾತ್ರ ಅಂಥ ಸಬೂಬಿಲ್ಲ. ಬೀಸುವ ಕಲ್ಲಿನ ಪದಕ್ಕೆ ವಾದ್ಯವೇ ಬೇಡ, ಚಿಕ್ಕ ಕೋಣೆಯೇ ಅದಕ್ಕೆ ಹೇಳಿಮಾಡಿಸಿದ್ದು. 1930ರ ದಶಕದಲ್ಲಿ ಹಲಸಂಗಿ ಗೆಳೆಯರು ಅಚ್ಚು ಹಾಕಿಸಿದ ತ್ರಿಪದಿಗಳನ್ನು ಹೆಣ್ಣುಮಕ್ಕಳ ಬಾಯಿಂದ ಬರೆದುಕೊಂಡದ್ದು ಪಕ್ಕದ ವಿಜಯಪುರ ಜಿಲ್ಲೆಯಲ್ಲಿ. ಬಲ್ಲ ಅವ್ವಂದಿರು ಈ ಊರಲ್ಲೂ ಇದ್ದಾರೆ. ಅವರು ಬಾರದಿರಲು ಕಾರಣ ಹುಡುಕಬೇಕಿಲ್ಲ: ಒಂಬತ್ತರ ಮೇಲೆ ಶುರುವಾಗುವ ಹಾಡು, ಹೆಣ್ಣುಮಕ್ಕಳಿಗೆ ಬೇರೆ ಸಾಲಿಲ್ಲ, ಅಂಗಡಿಯಲ್ಲಿ ಶೌಚಾಲಯವಿಲ್ಲ. ನಾಗೇಶಿ ಮೇಳದವರನ್ನು ಕೂಡ ಎದುರಿನ ಮನೆಗೆ ಕಳಿಸಬೇಕಾಗುತ್ತದೆ. ತಿಂಗಳಿಗೊಂದು ದಿನ ಮಧ್ಯಾಹ್ನ ಮೂರಕ್ಕೆ, ಪೇಟೆಯ ಗದ್ದಲ ಇಳಿದ ಮೇಲೆ ಒಂದು ಕೂಟ ಇಟ್ಟರೆ ಅರ್ಧ ತೊಂದರೆ ಕಳೆದೀತು. ಶೌಚಾಲಯ ಮಾತ್ರ ಕಟ್ಟಿಸಲೇಬೇಕು.

ಹಾಡುವ ಮನಸ್ಸಿದ್ದವರಿಗೆ ಹೀಗೆ. ಎಂಟರೊಳಗೆ ಬಂದು ಗಲ್ಲೆಯ ಮೇಲಿನ ಹಿರಿಯರಿಗೆ ‘ಕಾಕಾರ, ಒಂದ್ ಪದಾ ಹೇಳ್ತೀನ್ರಿ’ ಎಂದು ತಿಳಿಸಬೇಕು. ಯಾವ ಪದ, ಎಷ್ಟು ನುಡಿ, ಕೊರಳು ಕರಿ ಒಂದೋ ಬಿಳಿ ಎರಡೋ ಎಂದು ಕೇಳುತ್ತಾರೆ. ಮೊದಲ ಸಲಕ್ಕೆ ಒಂದೇ ಪದ, ನಾಲ್ಕು ನುಡಿಗೆ ಮುಗಿಸಿ. ಸಿನಿಮಾ ಧಾಟಿಗೆ ಕೂಡಿಸಿದ ಪದ ಎತ್ತಿದರೆ ಯಾರೂ ಬೈಯುವುದಿಲ್ಲ, ಆದರೆ ಹಿಂದಿನಿಂದ ಯಾರೂ ಹಿಡಿಯುವುದೂ ಇಲ್ಲ. ಸ್ವಂತ ದಪ್ಪು ತಂದರೆ ಬೈಕಿನ ಮೇಲೆ ಬಯಲು ಗಾಳಿಗೆ ಒಡ್ಡಿ ತರಬೇಡಿ, ದಪ್ಪ ಬಟ್ಟೆ ಸುತ್ತಿ ತನ್ನಿ. ತಂದವರು ತಾವೇ ಸಿಗಡಿಯ ಮೇಲೆ ಹಿಡಿಯುವಂತಿಲ್ಲ, ಹುಡುಗನ ಕೈಗೆ ಕೊಡಬೇಕು. ಅವನಿಗೆ ಹದ ಗೊತ್ತು.

ಮೊಬೈಲಿನಲ್ಲಿ ರೆಕಾರ್ಡು ಮಾಡಿಕೊಳ್ಳಲು ಅಡ್ಡಿಯಿಲ್ಲ, ಹಾಡುವವರನ್ನು ಕೇಳಿ ಮಾಡಬೇಕು. ಮೊಬೈಲನ್ನು ಫರಸಿಯ ಮೇಲೆ ಇಟ್ಟರೆ ದಪ್ಪಿನ ಪೆಟ್ಟೆಲ್ಲ ನೆಲದಿಂದ ಏರಿ ಗುಂಯ್ಗುಡುತ್ತದೆ. ಮಡಿಸಿದ ಟವೆಲ್ಲಿನ ಮೇಲೆ ಇಡಿ, ತಾಳಕ್ಕೆ ಬೆನ್ನು ಮಾಡಿ.

ಟಿಕೆಟ್ಟಿಲ್ಲ. ಮಂಗಳಾರತಿಯ ತಟ್ಟೆಗೆ ಹಾಕಿದ್ದು ಮೇಳಕ್ಕೆ ಹೋಗುತ್ತದೆ, ಚಹಾದ ಹಣ ಅಂಗಡಿಗೆ. ಗೀಗೀ ರಾತ್ರಿ ಮಂಗಳಾರತಿಗೆ ಮುಂಚೆಯೇ, ಪದ ನಡೆಯುತ್ತಿರುವಾಗಲೇ ಒಮ್ಮೆ ತಟ್ಟೆ ತಿರುಗಿಸುತ್ತಾರೆ, ಚಿಲ್ಲರೆಯ ಸದ್ದು ಸವಾಲಿನ ನಡುವೆ ಬೀಳುತ್ತದೆ. ಒಲೆ ಆರಿಸಲು ಒಪ್ಪಿದವರು ಇದನ್ನೂ ಪದ ಮುಗಿಯುವವರೆಗೆ ತಡೆಯಬಹುದಿತ್ತು. ನೋಟು ಹಾಕಿ. ಮುಧೋಳ, ಜಮಖಂಡಿ, ಗೋಕಾಕ ಕಡೆಯಿಂದ ಬರುವವರು ರಾತ್ರಿಯ ಬಸ್ಸನ್ನು ನಂಬಿ ಬರಬೇಡಿ, ಸ್ವಂತ ಗಾಡಿ ಇರಲಿ. ಗಾಣದ ಕಾಲವಾದರೆ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಹಲವಕ್ಕೆ ಹಿಂದೆ ದೀಪ ಇರುವುದಿಲ್ಲ. ಬೈಕಿನವರು ನಿಧಾನಕ್ಕೆ ಹೋಗಿ.